ಜೀಪು ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಜೀಪು ಕಟ್ಟಿ ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಜೀಪು ಇರಲಿಲ್ಲವೆಂಬುದೊಂದೇ ಅದಕ್ಕೆ ಕಾರಣವಿರಬೇಕು. ಇದ್ದಿದ್ದರೆ, ಮತ್ತು ಆ ಹಿರಿಯರು ಕೊಡಗಿನವರೂ ಆಗಿದ್ದಿದ್ದರೆ, ಆ ಗಾದೆ ಇನ್ನೊಂದು ತುಂಡು ಉದ್ದವಾಗುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

'ಕಟ್ಟುವುದು' ಎಂಬ ಮಾತನ್ನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ನಮ್ಮ ಕಡೆಯ ಮೇಸ್ತ್ರಿಗಳ ಬಾಯಲ್ಲಿ ಇರುವುದೇ ಆ ಮಾತು. "ಬಾಡಿ ಎಲ್ಲಿ ಕಟ್ಟಿಸಿದಿರಿ?" ಎಂದು ಕೇಳುತ್ತಾರೆ, "ಮನೆ ಎಲ್ಲಿ ಕಟ್ಟಿಸಿದಿರಿ?" ಎಂದು ಕೇಳುವ ಧಾಟಿಯಲ್ಲಿಯೇ. ಹಳೆಯ ಜೀಪೊಂದನ್ನು ಬುಡಮಟ್ಟ ಬಿಚ್ಚಿ, ತುಕ್ಕು ಹಿಡಿದುದನ್ನು ಬಿಸುಟು, ಬಾಳುವುದನ್ನು ಉಳಿಸಿಕೊಂಡು, ಇಲ್ಲದುದನ್ನು ಗುಜರಿಯಿಂದಲೂ ಅಂಗಡಿಯಿಂದಲೂ ತಂದು ಸೇರಿಸಿ ಹೊಸದಾಗಿ ನಿಲ್ಲಿಸುವ ಕೆಲಸವದು. ಇದನ್ನು ತಾವೇ ನಿಂತು ಮಾಡುವವರು ಒಂದು ಪಂಗಡ. ಬೇರೆಯವರು ಕಟ್ಟಿ, ಬಣ್ಣ ಬಳಿದು ನಿಲ್ಲಿಸಿದುದನ್ನು ಹಣಕೊಟ್ಟು ತರುವವರು ಇನ್ನೊಂದು ಪಂಗಡ. ಮದುವೆಮನೆಯಲ್ಲಿ ಈ ಎರಡು ಪಂಗಡದವರು ಅಕ್ಕಪಕ್ಕ ಕುಳಿತರೆ ಬಡಿಸುವವರು ಎರಡು ಸಲ ಕರೆಯಬೇಕಾಗುತ್ತದೆ.

ಈ ವಿವಾದ ನಮ್ಮದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಇದೇ ಚರ್ಚೆ ಸ್ಪೋರ್ಟ್ಸ್ ಕಾರಿನ ಸುತ್ತ ಬಹುಕಾಲದಿಂದ ನಡೆದಿದೆ. 1957ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರು ಲೋಟಸ್ ಸೆವೆನ್ ಎಂಬ ಹಗುರವಾದ, ಎರಡೇ ಆಸನಗಳ, ಗಾಳಿಮಳೆಗೆ ಮೈಯೊಡ್ಡಿದ ಪುಟ್ಟ ಕಾರೊಂದನ್ನು ಹೊರತಂದನು. ಸಿದ್ಧವಾದ ಕಾರಿಗೆ ಆ ದೇಶದಲ್ಲಿ ಆಗ ಖರೀದಿ ತೆರಿಗೆಯ ಭಾರವಿತ್ತು. ಮನೆಯಲ್ಲಿ ಜೋಡಿಸಿಕೊಳ್ಳುವ ಬಿಡಿಭಾಗಗಳಿಗೆ ಅದು ಇರಲಿಲ್ಲ. ಆದುದರಿಂದ ಕಾರನ್ನು ತುಂಡುತುಂಡಾಗಿಯೇ ಗಿರಾಕಿಯ ಮನೆಗೆ ಸಾಗಿಸುವ ಪದ್ಧತಿ ಬೆಳೆಯಿತು. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ತೆರಿಗೆಯವರು ಅದನ್ನು ಪೂರ್ಣ ಕಾರೆಂದೇ ಎಣಿಸುವರೆಂದು, ಬಿಚ್ಚುವ ಕ್ರಮವನ್ನು ಬರೆದು ಕೊಟ್ಟರಂತೆ. ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಬೇಕು! ಆ ವಲಯದಲ್ಲಿ ಬಹು ಪ್ರಸಿದ್ಧವಾದ ಕಥೆಯಿದು. ಕನ್ನಡ ವ್ಯಾಕರಣ ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಂಧಿಯನ್ನು ನಾವೆಲ್ಲ ಬಿಡಿಸಿಯೇ ಕಲಿತವರು. 1973ರಲ್ಲಿ ಆ ತೆರಿಗೆ ಹೋಗಿ ಬೇರೊಂದು ಬಂದಿತು. ಕಾರಿನ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಸೇರಿತು. ತೆರಿಗೆಯ ಲಾಭ ಮಾಯವಾದರೂ ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಳ್ಳುವವರು ಮಾಯವಾಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬಾತ, ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರನ್ನು ಕಟ್ಟಿಕೊಳ್ಳುವುದು ಹೇಗೆಂದು ಒಂದು ಪುಸ್ತಕವನ್ನೇ ಬರೆದನು. ಅದನ್ನು ನಂಬಿ ಎಷ್ಟು ಮಂದಿಯ ಮನೆಯಂಗಳ ಗುಜರಿಯಂಗಡಿಯಾಯಿತೋ ದೇವರೇ ಬಲ್ಲ.

ನಮ್ಮ ದೇಶದಲ್ಲಿ ಅಂತಹ ಕಾರುಗಳು ವಿರಳ. ಬೆಂಗಳೂರಿನ ಸಿಪಾನಿ ಕಾರ್ಖಾನೆ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರನ್ನು ತಯಾರಿಸಿತು. ಮನೆವಾರ್ತೆಗೆ ಅದು ಅಷ್ಟಾಗಿ ಒಗ್ಗಲಿಲ್ಲವಾದರೂ ಹಗುರವಾಗಿದ್ದುದರಿಂದ ರ‍್ಯಾಲಿ ಓಡಿಸುವವರು ಅದನ್ನು ಮೆಚ್ಚಿಕೊಂಡರು. 1990ರ ದಶಕದ ಕೊನೆಗೆ ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡಾಸನದ ಕಾರು ಹೊರಬಂದಿತು. ಆದರೆ ಬಿಡಿಬಿಡಿಯಾಗಿ ತಂದು ಅಂಗಳದಲ್ಲಿ ಜೋಡಿಸುವ ಹುಚ್ಚಿಗೆ ನಮ್ಮಲ್ಲಿ ಒದಗಿದುದು ಸ್ಪೋರ್ಟ್ಸ್ ಕಾರಲ್ಲ, ಜೀಪು. ಬಾಗಿಲಿಲ್ಲ, ಮೇಲೆ ಕ್ಯಾನ್ವಾಸು ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಕೂದಲು ಕೆದರುತ್ತದೆ, ಬೆನ್ನು ನೋಯುತ್ತದೆ, ಆದರೂ ಇಳಿಯಲು ಮನಸ್ಸು ಬಾರದು. ಸ್ಪೋರ್ಟ್ಸ್ ಕಾರಿಗೆ ಬೇರೆ ಲಕ್ಷಣವೇನಿದೆ?

ಅಷ್ಟಕ್ಕೂ ಜೀಪಿನ ಹುಟ್ಟೇ ಪೆಟ್ಟಿಗೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಿಂದ ಜೀಪುಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಿ, ಇಳಿದಲ್ಲಿ ಜೋಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಬರ್ಮಾ ರಂಗಕ್ಕೆಂದು ಬಂದಿದ್ದ ಎಡಗೈ ಸ್ಟಿಯರಿಂಗಿನ ಜೀಪುಗಳೆಷ್ಟೋ ಇಲ್ಲಿಯೇ ಉಳಿದು ಮಾರಾಟವಾದವು. 1940ರ ದಶಕ ಮುಗಿಯುವ ಹೊತ್ತಿಗೆ ಮಹೀಂದ್ರಾ ಸಂಸ್ಥೆಯವರು ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯ ಮಜಗಾಂವಿನಲ್ಲಿ ಜೋಡಿಸತೊಡಗಿದರು. ರೈಲು ಮುಟ್ಟದ ಕೊಡಗಿನಂತಹ ಸೀಮೆಗೆ, ತೋಟದ ಕೆಸರುದಾರಿಗೆ, ಏರುಗಳಿಗೆ ಅದು ಹೇಳಿ ಮಾಡಿಸಿದ ವಾಹನವಾಯಿತು. ಸೇನೆಯಿಂದ ನಿವೃತ್ತರಾಗಿ ಬಂದವರು ಊರೂರಿನಲ್ಲಿಯೂ ಇದ್ದುದರಿಂದ ಅದರ ಒಳಮರ್ಮ ಬಲ್ಲ ಕೈಗಳಿಗೂ ಇಲ್ಲಿ ಕೊರತೆಯಿರಲಿಲ್ಲ.

ನಮ್ಮ ಮನೆಯಲ್ಲಿ ಅಂತಹ ಕೈ ಚಿಕ್ಕಪ್ಪನವರದು. ಸೈನ್ಯದ ಇ.ಎಂ.ಇ. ವಿಭಾಗದಲ್ಲಿ ಹವಾಲ್ದಾರರಾಗಿದ್ದವರು. ಆ ವಿಭಾಗದ ಜವಾನರು ಮೈದಾನದಲ್ಲಿ ಜೀಪೊಂದನ್ನು ಕೆಲವೇ ನಿಮಿಷಗಳಲ್ಲಿ ಬಿಚ್ಚಿ, ಮತ್ತೆ ಜೋಡಿಸಿ ಓಡಿಸಿಕೊಂಡು ಹೋಗುವ ಪ್ರದರ್ಶನವನ್ನು ಓದುಗರು ನೋಡಿರಬಹುದು. ನಾವಿಬ್ಬರೂ ಸೇರಿ ನಮ್ಮ ಜೀಪನ್ನು ಜೋಡಿಸಲು ಹದಿನಾಲ್ಕು ತಿಂಗಳಾಯಿತು. "ಅಲ್ಲಿ ಮಳೆಯಿರಲಿಲ್ಲ, ಕಾಫಿ ಕುಯ್ಯುವ ಕೆಲಸವಿರಲಿಲ್ಲ, ಜೊತೆಯಲ್ಲಿ ಕನ್ನಡ ಮೇಷ್ಟ್ರೂ ಇರಲಿಲ್ಲ" ಎಂದು ಚಿಕ್ಕಪ್ಪ ಇದಕ್ಕೆ ಸಮಾಧಾನ ಹೇಳುವುದುಂಟು.

ಜೀಪು ನಮ್ಮ ತಂದೆಯವರ ಕಾಲದ್ದು. 1980ರ ದಶಕದ ಎಂ.ಎಂ. 540, ಪೆಜೋ ಮೂಲದ ಡೀಸೆಲ್ ಎಂಜಿನ್ನು. ತಂದೆಯವರು ತೀರಿಕೊಂಡ ಮೇಲೆ ಕೊಟ್ಟಿಗೆಯಲ್ಲಿ ನಿಂತುಬಿಟ್ಟಿತ್ತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು ಕಡೆಗಳಲ್ಲಿ ಬೆಟ್ಟಗಳೇ ಜಾರಿ ಬಂದವು. ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರಿನ ಹೆದ್ದಾರಿ ಮುಚ್ಚಿಹೋಯಿತು. ರಸ್ತೆಯೆಂಬುದು ಕೆಸರಿನ ಹೊಳೆಯಾದ ಆ ದಿನಗಳಲ್ಲಿ ನನ್ನ ಸೋದರತ್ತೆಯನ್ನು ಆಚೆ ದಡ ಸೇರಿಸಿದುದು ನೆರೆಯವರ ಜೀಪು. ನಮ್ಮದು ಚಕ್ರ ಕಳಚಿಕೊಂಡು ಕೊಟ್ಟಿಗೆಯಲ್ಲಿ ಕುಳಿತಿತ್ತು. ಅತ್ತೆ ಅದನ್ನು ಎಂದೂ ಎತ್ತಿ ಆಡಲಿಲ್ಲ. ಆದರೆ ಮನೆಯಲ್ಲೊಂದು ನಂಬಿಗಸ್ತ ಜೀಪು ಇರಬೇಕೆಂಬ ಮಾತು ಅಂದಿನಿಂದ ನಮ್ಮ ಕುಟುಂಬದಲ್ಲಿ ಬೇರೂರಿತು.

ಹೊಸತನ್ನು ಕಾರ್ಖಾನೆಯಿಂದಲೇ ತರಬಹುದಿತ್ತಲ್ಲವೆ ಎಂದರೆ, ತರಬಹುದಿತ್ತು. 2020ರಲ್ಲಿ ಬಂದ ಹೊಸ ಥಾರ್ ವಾಹನಕ್ಕೆ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರಗಳು ದೊರೆತಿವೆ. ನಾವು ಕಟ್ಟಿದ ಜೀಪನ್ನು ಆ ಪರೀಕ್ಷೆಗೆ ಒಡ್ಡಿದರೆ ನಕ್ಷತ್ರಗಳು ಕಾಣುವುದು ಒಳಗೆ ಕುಳಿತವರ ಕಣ್ಣಿಗೆ. ಆದರೆ ಉಪನ್ಯಾಸಕನ ಸಂಬಳಕ್ಕೂ ಆ ಬೆಲೆಗೂ ನಡುವೆ ದೊಡ್ಡದೊಂದು ಕಂದರವಿದೆ.

ನನ್ನ ಹೆಂಡತಿಯ ಅಣ್ಣ, ಅಂದರೆ ಭಾವ, ವ್ಯವಹಾರಸ್ಥರು. "ನಿಮಗೇಕೆ ಈ ಎಣ್ಣೆ ಕೈ? ಕಾಲವೇ ಹಣವಲ್ಲವೆ?" ಎಂದು ನನ್ನನ್ನು ಗದರಿಕೊಂಡು, ತಾವು ಸಿದ್ಧ ಜೀಪೊಂದನ್ನು ತರಿಸಿದರು. ಹರಿಯಾಣದಲ್ಲಿ, ಪಂಜಾಬಿನ ಗಡಿಗೆ ಅಂಟಿಕೊಂಡಂತೆ ಮಂಡಿ ಡಬ್ವಾಲಿ ಎಂಬ ಊರಿದೆ. ಹಳೆಯ ಜೀಪುಗಳನ್ನು ಬಿಚ್ಚಿ ಕಟ್ಟಿ ದೇಶದ ನಾಲ್ಕು ಮೂಲೆಗೂ ಕಳುಹಿಸುವುದರಲ್ಲಿ ಅದು ಹೆಸರಾದ ಊರು. ಭಾವ ಕೊಂಡುದು ಅಲ್ಲಿಂದಲ್ಲವೆಂಬುದನ್ನು ಸ್ಪಷ್ಟಪಡಿಸುತ್ತೇನೆ. ಆದರೆ ಅದೂ ಉತ್ತರದ ಕಡೆಯಿಂದಲೇ ಲಾರಿಯೇರಿ ಬಂದಿತು. ಐದೂವರೆ ಲಕ್ಷ ರೂಪಾಯಿ. ಇಳಿದ ದಿನ ಅದರ ಅಂದ ನೋಡಬೇಕಿತ್ತು! ಅಗಲವಾದ ಟೈರುಗಳು, ಕಾಡುಹಸುರು ಬಣ್ಣ, ಮುಂದೆ ಗೂಳಿಯ ಕೋಡಿನಂತಹ ಕಬ್ಬಿಣದ ಬಂಪರು. ನನ್ನ ಮಗಳು ಅದನ್ನು ನೋಡಿದ ಮೇಲೆ ನಮ್ಮ ಕೊಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮದು ಆಗಿನ್ನೂ ಮರದ ದಿಮ್ಮಿಗಳ ಮೇಲಿಟ್ಟ ಎರಡು ಉದ್ದನೆಯ ಕಬ್ಬಿಣದ ತೊಲೆಗಳಾಗಿತ್ತು.

ಆ ತೊಲೆಗಳೇ ಚಾಸಿ. ಚಿಕ್ಕಪ್ಪ ಮೊದಲು ಮಾಡಿದ ಕೆಲಸವೆಂದರೆ ಅದರ ಮೂಲೆಯಿಂದ ಎದುರು ಮೂಲೆಗೆ ಹುರಿ ಹಿಡಿದು ಅಳೆದುದು. ಬಳಿಕ ಇನ್ನೆರಡು ಮೂಲೆಗಳ ನಡುವೆಯೂ ಅಳೆದರು. ಎರಡು ಅಳತೆಗಳೂ ಸಮವಾದರೆ ಚಾಸಿ ನೆಟ್ಟಗಿದೆಯೆಂದರ್ಥ. ಇಲ್ಲವಾದರೆ ಎಂದೋ ಡಿಕ್ಕಿಯಾಗಿ ಸೊಟ್ಟಗಾಗಿದೆ, ಅದರ ಮೇಲೆ ಏನು ಕಟ್ಟಿದರೂ ವಾಹನ ಏಡಿಯಂತೆ ಓರೆಯಾಗಿ ನಡೆಯುತ್ತದೆ. ಸಮವಾಗಿತ್ತು. ಅಂದು ಚಿಕ್ಕಪ್ಪ ನಕ್ಕ ನಗೆ ಅವರ ಮಗಳ ಜಾತಕ ಕೂಡಿ ಬಂದ ದಿನ ಕಂಡುದಕ್ಕಿಂತ ಕಡಿಮೆಯದಾಗಿರಲಿಲ್ಲ.

ಮುಂದಿನದು ಕೊಡಗಿನ ಮಳೆಯೊಡನೆ ಗುದ್ದಾಟ. ಮಾರ್ಚಿನಲ್ಲಿ ಆರಂಭಿಸಿದೆವು, ಮೇ ಕಳೆಯುವಷ್ಟರಲ್ಲಿ ಬಿಚ್ಚಿ ಮುಗಿದಿತ್ತು. ಜೂನಿನಿಂದ ನಮ್ಮ ವೈರಿ ತೇವ. ಸಂಜೆ ತಂತಿಯ ಬ್ರಷ್ಷಿನಿಂದ ಉಜ್ಜಿ ಬೆಳ್ಳಿಯಂತೆ ಬೆಳಗಿದ ಕಬ್ಬಿಣ ಬೆಳಗಾಗುವುದರೊಳಗೆ ಅರಿಸಿನ ಕುಂಕುಮ ಬಳಿದುಕೊಂಡಿರುತ್ತಿತ್ತು. ಕಕ್ಕಡ ತಿಂಗಳಲ್ಲಿ ಬಳಿದ ರೆಡಾಕ್ಸೈಡ್ ನಾಲ್ಕು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಕೊನೆಗೆ ಅಡಿಗೆಮನೆಯ ಒಲೆಯ ಪಕ್ಕದಲ್ಲಿ ಸಣ್ಣ ಭಾಗಗಳನ್ನು ಒಣಗಿಸತೊಡಗಿದೆವು. ಹೆಂಡತಿ ಇದನ್ನು ಒಂದು ವಾರ ಸಹಿಸಿದಳು. ಎಂಟನೆಯ ದಿನ ಹುರುಳಿ ಸಾರಿನಲ್ಲಿ ಒಂದು ನಟ್ಟು ಸಿಕ್ಕಿತು. ಅದು ತಾನಾಗಿ ಬಿದ್ದುದೋ, ಹಾಕಿದುದೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕುಯ್ಲು. ಜೀಪಿನ ಕಡೆ ಯಾರೂ ತಲೆಹಾಕಲಿಲ್ಲ. ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಮೂರು ಸಲ ಹೋದೆ. ಆ ಅಂಗಡಿಗಳ ಒಳಗೆ ಒಂದು ಅಪೂರ್ವ ನಿಘಂಟು ಕುಳಿತಿದೆ. ನಾವು ತೋರಿಸಿದ ಹಲ್ಲು ಮುರಿದ ಗೇರನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿ ಅದರ ಕುಲಗೋತ್ರ ಹೇಳಿಬಿಡುವ ಮುದುಕರಿದ್ದಾರೆ. ಆದರೆ ಹಣ ಸುಮ್ಮನೆ ಕರಗುತ್ತದೆ. ಒಮ್ಮೆಗೆ ಕೊಟ್ಟ ಐದೂವರೆ ಲಕ್ಷ ಕಣ್ಣಿಗೆ ಹೊಡೆಯುತ್ತದೆ. ಬುಷ್ಷಿಗೆ ಇನ್ನೂರು, ಬೇರಿಂಗಿಗೆ ಎರಡು ಸಾವಿರ, ಬಸ್ಸಿಗೆ ಆರುನೂರು ಎಂದು ಹೋದುದು ಕಾಣುವುದಿಲ್ಲ. ನಾನು ಪ್ರತಿಯೊಂದನ್ನೂ ಕಾಲೇಜಿನ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಟ್ಟೆ. ಒಟ್ಟು ನಾಲ್ಕು ಲಕ್ಷದ ಹನ್ನೆರಡು ಸಾವಿರ. ಇದರಲ್ಲಿ ಚಿಕ್ಕಪ್ಪನ ಕೂಲಿಯಿಲ್ಲ, ನನ್ನ ಭಾನುವಾರಗಳಿಲ್ಲ, ಕೊಟ್ಟಿಗೆಯ ಬಾಡಿಗೆಯಿಲ್ಲ, ಜೀಪಿನ ಮೂಲ ಬೆಲೆಯೂ ಇಲ್ಲ. ಆದುದರಿಂದ 'ಕಟ್ಟಿಕೊಂಡರೆ ಅಗ್ಗ' ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಆ 250 ಪೌಂಡಿನ ಪುಸ್ತಕದವನನ್ನೂ.

ಹಾಗಾದರೆ ಕಟ್ಟಿ ಪಡೆದುದೇನು? ಇದಕ್ಕೆ ಭಾವನ ಜೀಪಿನ ಕಥೆಯನ್ನೇ ಹೇಳಬೇಕು.

ನಮ್ಮದು ಓಡತೊಡಗಿ ಐದಾರು ತಿಂಗಳಾಗಿತ್ತು. ಒಂದು ಭಾನುವಾರ ಭಾವ ತಮ್ಮ ಇಬ್ಬರು ಮಕ್ಕಳನ್ನೂ ನನ್ನ ಮಗಳನ್ನೂ ಕೂರಿಸಿಕೊಂಡು ತಲಕಾವೇರಿಗೆ ಹೋದರು. ಮರಳಿ ಭಾಗಮಂಡಲಕ್ಕೆ ಇಳಿಯುವಾಗ ಬ್ರೇಕಿನ ಪೆಡಲು ಒಮ್ಮೆಲೇ ತಳ ಮುಟ್ಟಿತು. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಸಿಲಿಂಡರು, ಒಂದೇ ಎಣ್ಣೆಯ ದಾರಿ. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳು ಒಟ್ಟಿಗೆ ಕೈಬಿಡುತ್ತವೆ. ಈಚಿನ ವಾಹನಗಳಲ್ಲಿ ದಾರಿ ಎರಡಿರುವುದು ಈ ಕಾರಣದಿಂದಲೇ. ಭಾವ ಗಾಬರಿಯಾಗದೆ ಗೇರನ್ನು ಕೆಳಗಿಳಿಸಿ, ಬೆಟ್ಟದ ಬದಿಯ ಮಣ್ಣುದಿಣ್ಣೆಗೆ ಜೀಪನ್ನು ಒರಸಿ ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಏನಿದೆಯೆಂಬುದು ಆ ದಾರಿಯನ್ನು ಬಲ್ಲವರಿಗೆ ಗೊತ್ತು. ಮಕ್ಕಳಿಗೆ ತರಚುಗಾಯವೂ ಆಗಲಿಲ್ಲ. ಮಗಳು ಮನೆಗೆ ಬಂದು, "ಮಾವ ಜೀಪನ್ನು ಗುಡ್ಡಕ್ಕೆ ಉಜ್ಜಿದರು" ಎಂದು ನಗುತ್ತ ಹೇಳಿದಳು. ಆ ರಾತ್ರಿ ನಾನೂ ನನ್ನ ಹೆಂಡತಿಯೂ ನಿದ್ರೆ ಮಾಡಲಿಲ್ಲ.

ಮರುದಿನ ಚಿಕ್ಕಪ್ಪ ಟಾರ್ಚು ಹಿಡಿದು ಆ ಜೀಪಿನ ಕೆಳಗೆ ನುಸುಳಿದರು. ಅರ್ಧ ಗಂಟೆ ಏನೂ ಮಾತಿಲ್ಲ. ಹಿಂಚಕ್ರಕ್ಕೆ ಹೋಗುವ ಬ್ರೇಕಿನ ಕೊಳವೆಯನ್ನು ಚಾಸಿಗೆ ಬಿಗಿಯುವ ಕ್ಲಿಪ್ಪುಗಳೇ ಇರಲಿಲ್ಲ. ಅದು ಜೋತುಬಿದ್ದು ಸ್ಪ್ರಿಂಗ್ ಪ್ಲೇಟಿನ ಅಂಚಿಗೆ ಉಜ್ಜಿ ಉಜ್ಜಿ ಸವೆದು ಸೀಳಿತ್ತು. ನಾಲ್ಕೈದು ಕ್ಲಿಪ್ಪುಗಳ ಮಾತು. ಎಲ್ಲ ಸೇರಿ ನೂರು ರೂಪಾಯಿ ಆಗದು.

"ಕಟ್ಟಿದವನಿಗೆ ಇದು ಕಾಣಲಿಲ್ಲವೆ ಚಿಕ್ಕಪ್ಪ?" ಎಂದೆ.

"ಕಾಣದೆ ಏನು ಮಗ. ಇದರಲ್ಲಿ ಕೂರುವವನು ಅವನಲ್ಲವಲ್ಲ" ಎಂದು ಕೈ ಒರಸಿಕೊಂಡರು.

ನಮ್ಮ ಜೀಪಿನ ಕೆಳಗೆ ಅಂತಹ ಕ್ಲಿಪ್ಪುಗಳೆಷ್ಟಿವೆಯೆಂದು ನಾನು ಬಲ್ಲೆ. ಹದಿನೇಳು. ನಾನೇ ಅಂಗಾತ ಮಲಗಿ ಬಿಗಿದಿದ್ದೇನೆ. ಮೂರನೆಯದರ ಸ್ಕ್ರೂ ನನ್ನ ಹಣೆಯ ಮೇಲೆ ಎರಡು ಸಲ ಬಿದ್ದಿದೆ. ನಾಲ್ಕು ಲಕ್ಷ ಹನ್ನೆರಡು ಸಾವಿರ ಕೊಟ್ಟು ನಾನು ಪಡೆದುದು ಈ ತಿಳಿವು. ವಾಹನ ಕೆಡುವುದೇ ಇಲ್ಲವೆಂದಲ್ಲ, ನಮ್ಮದೂ ಎರಡು ಸಲ ದಾರಿಯಲ್ಲಿ ನಿಂತಿದೆ. ಆದರೆ ಎಲ್ಲಿ, ಏಕೆ ಕೆಟ್ಟಿರಬಹುದೆಂದು ಹೊರಟಲ್ಲಿಯೇ ಊಹಿಸಬಲ್ಲೆ. ಸಿದ್ಧ ಜೀಪನ್ನು ಕೊಳ್ಳುವವನು ಬಣ್ಣವನ್ನು ನೋಡಿ ಕೊಳ್ಳುತ್ತಾನೆ, ಬಣ್ಣದ ಹಿಂದಿರುವ ಬೆಸುಗೆಯನ್ನು ನಂಬಿ ಓಡಿಸುತ್ತಾನೆ. ಒಳ್ಳೆಯ ಕಸಬುದಾರರು ಕಟ್ಟಿದ ಸಿದ್ಧ ಜೀಪುಗಳೂ ಬೇಕಾದಷ್ಟಿವೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಆ ಕಲ್ಲುದಾರಿಯಲ್ಲಿ ಹತ್ತಿಳಿಯುವ ಬಾಡಿಗೆ ಜೀಪುಗಳನ್ನು ನೋಡಿದವರು ಇದನ್ನು ಒಪ್ಪುತ್ತಾರೆ. ಕೊಟ್ಟಿಗೆಯಿಲ್ಲದವರು, ಚಿಕ್ಕಪ್ಪನಿಲ್ಲದವರು, ಪಟ್ಟಣದ ಬಾಡಿಗೆ ಮನೆಯವರು ಸಿದ್ಧವಾದುದನ್ನೇ ಕೊಳ್ಳಲಿ. ಆದರೆ ಕೊಳ್ಳುವ ಮೊದಲು ನಂಬಿಕೆಯ ಮೇಸ್ತ್ರಿಯೊಬ್ಬನನ್ನು ಟಾರ್ಚಿನೊಡನೆ ಕೆಳಗೆ ನುಸುಳಿಸಲಿ. ಬಣ್ಣ ಹೊಸದಾಗಿದ್ದಷ್ಟೂ ಹೆಚ್ಚು ಹೊತ್ತು ನುಸುಳಿಸಲಿ.

ಕಾಗದಪತ್ರದ ಮಾತನ್ನು ಬಿಟ್ಟರೆ ಈ ಪುರಾಣ ಅಪೂರ್ಣವಾದೀತು. ಬ್ರೇಕು ಸರಿಹೋಯಿತು; ಆದರೆ ಚಿಕ್ಕಪ್ಪ ಕೆಳಗಿನಿಂದ ಎದ್ದವರು ಆರ್.ಸಿ. ಪುಸ್ತಕವನ್ನು ಕೇಳಿದರು. ಭಾವನ ಜೀಪಿನ ಪುಸ್ತಕದಲ್ಲಿದ್ದುದು ಪೆಟ್ರೋಲು. ಬಾನೆಟ್ಟಿನ ಕೆಳಗಿದ್ದುದು ಬೇರಾವುದೋ ವಾಹನದ ಡೀಸೆಲ್ ಎಂಜಿನ್ನು. ಮಾರಿದವನು ಇದನ್ನು ಸಣ್ಣ ವಿಷಯವೆಂದಿದ್ದನಂತೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲಿಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ. ದಂಡಕ್ಕಿಂತ ದೊಡ್ಡ ಭಯ ವಿಮೆಯದು. ಅಪಘಾತವಾದ ದಿನ ಪುಸ್ತಕಕ್ಕೂ ವಾಹನಕ್ಕೂ ತಾಳೆಯಿಲ್ಲವೆಂದರೆ ಪರಿಹಾರಕ್ಕೆ ಯಾರ ಬಾಗಿಲು ಬಡಿಯುವುದು? ಜೀಪು ಕಟ್ಟುವ ಗೆಳೆಯರು ಈ ಕಾನೂನನ್ನು ಬಾಯ್ತುಂಬ ಬಯ್ಯುತ್ತಾರೆ, ನಾನು ಬಯ್ಯಲಾರೆ. ಘಟ್ಟದ ತಿರುವಿನಲ್ಲಿ ಎದುರಿನಿಂದ ಬರುವವರ ಮನೆಯಲ್ಲಿಯೂ ಮಕ್ಕಳಿದ್ದಾರೆ.

ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಿಂದ ಬೇರೆ ನೋಂದಣಿಯಿದೆ. ಆದರೆ ಅದು ಮೂಲರೂಪದಲ್ಲಿ ಕಾಪಾಡಿದವುಗಳಿಗೆ ಮಾತ್ರ, ಅವನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ. ಮೆಣಸಿನ ಚೀಲ ಹೊರದ ಜೀಪು ತೋಟದ ಮನೆಗೆ ಏತಕ್ಕೆ?

ನಮ್ಮದರಲ್ಲಿ ಈ ತೊಡಕಿರಲಿಲ್ಲ. ಚಿಕ್ಕಪ್ಪ ಮೊದಲ ದಿನವೇ, "ಎಂಜಿನ್ನು, ಚಾಸಿ ಪುಸ್ತಕದಲ್ಲಿ ಇದ್ದದ್ದೇ ಇರಬೇಕು, ಉಳಿದುದಕ್ಕೆ ಮಾತ್ರ ಪಾನ ಹಿಡಿಯೋಣ" ಎಂದುಬಿಟ್ಟಿದ್ದರು. ನೋಂದಣಿ ನವೀಕರಿಸುವ ದಿನ ಚಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿದಾಗ ತಂದೆಯವರ ಕಾಲದ ಅಂಕೆಗಳು ಒಂದೊಂದಾಗಿ ಎದ್ದು ಬಂದವು. ಹಳಗನ್ನಡ ಶಾಸನದ ಪಡಿಯಚ್ಚು ತೆಗೆಯುವವರನ್ನು ಕಂಡಿದ್ದೇನೆ. ಅವರ ಕುತೂಹಲ ಏನೆಂಬುದು ನನಗೆ ತಿಳಿದುದು ಆಗ.

ಭಾವ ಆರು ತಿಂಗಳಿನಿಂದ ತಮ್ಮ ಜೀಪನ್ನು ರಸ್ತೆಗೆ ಇಳಿಸಿಲ್ಲ. ಮಾರಲೂ ಮನಸ್ಸಿಲ್ಲ, ತಿಳಿದಿದ್ದು ಇನ್ನೊಬ್ಬರ ತಲೆಗೆ ಕಟ್ಟಲಾರೆ ಎನ್ನುತ್ತಾರೆ. ಮೊನ್ನೆ ಸಂಜೆ ನಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತು, ಬಹಳ ಹೊತ್ತು ಮಳೆಯ ವಿಚಾರ, ಮೆಣಸಿನ ಧಾರಣೆಯ ವಿಚಾರ ಮಾತಾಡಿ, ಕೊನೆಗೆ, "ಚಿಕ್ಕಪ್ಪ, ಪುಸ್ತಕದಲ್ಲಿರುವ ಜಾತಿಯ ಪೆಟ್ರೋಲ್ ಎಂಜಿನ್ನು ಎಲ್ಲಾದರೂ ಸಿಕ್ಕೀತೆ?" ಎಂದು ಕೇಳಿದರು.

ಹಾಗೆ ಬದಲಿಸುವುದಕ್ಕೂ ಮುಂಚಿತವಾಗಿ ಅನುಮತಿ ಬೇಕು. ಅರ್ಜಿಯನ್ನು ನಾನು ಬರೆದುಕೊಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಬಿಚ್ಚುವುದೆಂದು ತೀರ್ಮಾನವಾಗಿದೆ. ಮರದ ದಿಮ್ಮಿಗಳು ಇನ್ನೂ ಕೊಟ್ಟಿಗೆಯಲ್ಲಿಯೇ ಇವೆ. ಚಿಕ್ಕಪ್ಪನಿಗೀಗ ಎಪ್ಪತ್ತಮೂರು, ಕೈ ಸ್ವಲ್ಪ ನಡುಗುತ್ತದೆ, ಸಣ್ಣ ಸ್ಕ್ರೂಗಳು ಕಣ್ಣಿಗೆ ಕಾಣುವುದಿಲ್ಲ. ಕೆಳಗೆ ಮಲಗುವ ಕೆಲಸ ಭಾವನದೆಂದೂ, ಟಾರ್ಚು ಹಿಡಿಯುವುದು ನನ್ನ ಮಗಳೆಂದೂ ಅವರು ಹಂಚಿಕೊಟ್ಟಿದ್ದಾರೆ. ನನ್ನ ಹೆಂಡತಿ ಅಡಿಗೆಮನೆಯ ಒಲೆಯ ಪಕ್ಕಕ್ಕೆ ಏನನ್ನೂ ತರಕೂಡದೆಂದು ಈಗಲೇ ಹೇಳಿದ್ದಾಳೆ.